ಕರಿ-ಹಳದಿ ಮನೆತನ

ನಮ್ಮ ಸುವರ್ಣಾಳ ಮದುವೆ ಗೊತ್ತಾಯಿತು! ಇವತ್ತೇ, ಬೆಳಿಗ್ಗೆಯೇ ಗೊತ್ತಾಯಿತು. ನನ್ನ ಮಗ ಶರಣಪ್ಪ ಫ್ಯಾಕ್ಟರಿಗೆ ಹೊರಟವನು ಬಾಗಿಲ ಬಳಿ ಬಗ್ಗಿ ಬೂಟಿನ ಲಾಡಿ ಕಟ್ಟುತ್ತ, ಮುಖ ಎತ್ತದೆ, "ಆಗಲಿ" ಎಂದ. ಮೊಮ್ಮಗಳ ಮದುವೆ ಇಷ್ಟು ದಿನ ಆ ಒಂದು ಮಾತಿಗೆ ಕಾದು ನಿಂತಿತ್ತು. ಮಾತು ಬಂತು. ಆಗಿನಿಂದ ನಾನು ಒಂದು ಕಡೆ ಕೂತಿಲ್ಲ. ಹಾಲಿನವನಿಗೆ ಹೇಳಿದೆ. ಇಸ್ತ್ರಿಯವನಿಗೆ ಹೇಳಿದೆ. ಕೆಳಗಿನ ಮನೆಯ ಮೇಷ್ಟ್ರಿಗೆ ಎರಡು ಸಲ ಹೇಳಿದೆ, ಮೊದಲ ಸಲ ಅವರು ಕಿವಿಯ ಯಂತ್ರ ಹಾಕಿಕೊಂಡಿರಲಿಲ್ಲ. ಹೇಳುವುದಕ್ಕೆ ಇನ್ನು ಯಾರೂ ಉಳಿಯಲಿಲ್ಲವಾದ್ದರಿಂದ ನಿಮಗೆ ಹೇಳುತ್ತಿದ್ದೇನೆ.

ಬರೆಯಲು ಕೂತದ್ದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ಬಾಲ್ಕನಿಯ ಹಗ್ಗದ ಮೇಲೆ, ನನ್ನ ಧೋತರಕ್ಕೂ ನನ್ನ ಹೆಂಡತಿಯ ಇಳಕಲ್ ಸೀರೆಗೂ ನಡುವೆ, ಕರಿ-ಹಳದಿ ಪಟ್ಟೆಯ ಉದ್ದನೆಯ ಬಟ್ಟೆಯೊಂದು ಒಣಗುತ್ತಿದೆ. ನಮ್ಮ ಹೈದರಾಬಾದಿನ ಆಟೋಗಳ ಬಣ್ಣವೇ. ಎದುರು ಮನೆಯ ರೆಡ್ಡಿಯವರು ಹಲ್ಲುಜ್ಜುತ್ತ ಅದನ್ನೇ ನೋಡಿದರು.

"ಏ ಪಾರ್ಟೀ ಜೆಂಡಾ ತಾತಾ ಇದಿ?" ಎಂದರು.

ಪಾರ್ಟಿಯ ಬಾವುಟವಲ್ಲ, ನಮ್ಮ ಬೀಗರ ಮನೆತನದ ಬಟ್ಟೆ ಎಂದೆ. ಅವರು ಬ್ರಶ್ಶು ಬಾಯಲ್ಲೇ ಬಿಟ್ಟು ಒಳಗೆ ಹೋದರು. ಇಂಥ ಮಾತನ್ನು ಅರ್ಧಕ್ಕೆ ಬಿಡಬಾರದು, ನೋಡಿ. ಪೂರ್ತಿ ಹೇಳಿಬಿಡುತ್ತೇನೆ.

ಹುಡುಗನ ಹೆಸರು ರೆನಾತೊ. ಬ್ರೆಜಿಲ್ ದೇಶದವನು. ಗಚ್ಚಿಬೌಲಿಯಲ್ಲಿ ನಮ್ಮ ಸುವರ್ಣಾ ಕೆಲಸ ಮಾಡುವ ಕಂಪನಿಯಲ್ಲೇ ಅವನದೂ ಕೆಲಸ. ನನ್ನ ಹೆಂಡತಿ ಗುರುಬಾಯಿ ಅವನನ್ನು ರೆನ್ನಪ್ಪ ಎನ್ನುತ್ತಾಳೆ. ಅವನೂ ಓಗೊಡುತ್ತಾನೆ. ಆ ಕಂಪನಿಯಲ್ಲಿ ಇಬ್ಬರೂ ಏನು ಮಾಡುತ್ತಾರೆಂದು ನನ್ನನ್ನು ಕೇಳಬೇಡಿ. ಸುವರ್ಣಾ ಮೂರು ಸಲ ಬಿಡಿಸಿ ಹೇಳಿದ್ದಾಳೆ, ಮೂರು ಸಲವೂ ನಾನು ಚೆನ್ನಾಗಿ ತಲೆಯಾಡಿಸಿದ್ದೇನೆ.

ನಾನು ಗೌಂಡಿ. ಇಟ್ಟಿಗೆ, ಗಾರೆ, ತೂಗುಗುಂಡು, ಇಷ್ಟೇ ನನ್ನ ವಿದ್ಯೆ. ಶಾಲೆ ಮೂರನೇ ಇಯತ್ತೆಯವರೆಗೆ. ನಾಲ್ಕನೆಯದರ ಕೋಣೆಯನ್ನೂ ನೋಡಿದ್ದೇನೆ, ಸುಣ್ಣ ಬಳಿಯಲು ಹೋದಾಗ. ಶಹಾಪುರದ ಕಡೆಯಿಂದ ಹೆಂಡತಿ, ಮಗ ಮತ್ತು ತಾಯಿಯನ್ನು ಕಟ್ಟಿಕೊಂಡು ಈ ಊರಿಗೆ ಬಂದಾಗ ಗಚ್ಚಿಬೌಲಿಯಲ್ಲಿ ಬಂಡೆಗಲ್ಲು ಮತ್ತು ಸೀತಾಫಲದ ಗಿಡ ಬಿಟ್ಟರೆ ಏನೂ ಇರಲಿಲ್ಲ. ಆ ಬಂಡೆಗಳ ಮೇಲೆ ಕೂತು ರೊಟ್ಟಿ ತಿಂದವನು ನಾನು. ಈಗ ಅಲ್ಲಿ ತುದಿಯಿಂದ ಬುಡದವರೆಗೆ ಗಾಜು. ಗಾಜಿನ ಗೋಡೆಗೆ ಗಾರೆ ಮೆತ್ತಿ ಗಿಲಾಯಿ ಮಾಡುವ ಹಾಗಿಲ್ಲ, ಸುಣ್ಣ ಬಳಿಯುವ ಹಾಗಿಲ್ಲ. ನಾನು ಸರಿಯಾದ ಕಾಲಕ್ಕೆ ಕರಣಿ ಕೆಳಗಿಟ್ಟೆ ಎಂದುಕೊಳ್ಳುತ್ತೇನೆ. ಮಗನಿಗೆ ನಾಚಾರಂ ಫ್ಯಾಕ್ಟರಿಯಲ್ಲಿ ಕೆಲಸವಾಯಿತು, ನಾಚಾರಂನಲ್ಲೇ ಮನೆಯಾಯಿತು, ಮೊಮ್ಮಗಳು ಇಂಜಿನಿಯರ್ ಆದಳು. ಅವಳೇ ಒಂದು ಭಾನುವಾರ ಈ ಉದ್ದಕಾಲಿನ ಹುಡುಗನನ್ನು ಕರೆದುಕೊಂಡು ಬಂದು, "ಮುತ್ಯಾ, ನಾ ಇವನ್ನ ಮದಿವಿ ಆಗಬೇಕಂತ ಮಾಡೀನಿ" ಎಂದು ನನ್ನ ಕಿವಿಯಲ್ಲಿ ಹೇಳಿದಳು. ಅಪ್ಪನಿಗೆ ಹೇಳುವ ಧೈರ್ಯವಿಲ್ಲದಾಗ ಮುತ್ಯಾನ ಕಿವಿ ಇರುತ್ತದಲ್ಲ.

ಶರಣಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು, ಒಂದು ದಿನಕ್ಕೆ ಮುಗಿಯುತ್ತಿತ್ತು. ಅವನು ಮೆತ್ತಗೆ ಹೇಳಿದ: "ಹೊರದೇಶದವ ಅಂತ ನನಗ ತಕರಾರಿಲ್ಲಪ್ಪಾ. ಆದ್ರ ಅವನ ಮನೆತನ ಯಾವುದು? ಯಾರ ಪೈಕಿ? ನಾಳಿ ಏನರೆ ಹೆಚ್ಚುಕಮ್ಮಿ ಆತು ಅಂದ್ರ ನಾ ಯಾರ ಬಾಗಲಾ ಬಡೀಲಿ?"

ಸುವರ್ಣಾ ಅಪ್ಪನ ಒಪ್ಪಿಗೆ ಇಲ್ಲದೆ ಮದುವೆಯಾಗುವುದಿಲ್ಲ ಎಂದಳು. ಅಪ್ಪ ಮನೆತನ ಗೊತ್ತಿಲ್ಲದೆ ಒಪ್ಪುವುದಿಲ್ಲ ಎಂದ. ನಮ್ಮ ಮನೆಯಲ್ಲಿ ಊಟದ ಹೊತ್ತಿನ ಮಾತು ನಿಂತುಹೋಯಿತು. ಹುಡುಗಿ ಆಫೀಸಿನ ಕ್ಯಾಬು ಬರುವುದಕ್ಕೆ ಮುಂಚೆಯೇ ಹೋಗಿ ಕೆಳಗೆ ನಿಲ್ಲತೊಡಗಿದಳು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಮನೆತನ ವಿಚಾರಿಸುವುದು ಎಂದರೆ ನಮ್ಮ ಕಡೆ ಸಣ್ಣ ಕೆಲಸವಲ್ಲ. ಹೆಣ್ಣು ಕೊಡುವ ಮುಂಚೆ ಹಿರಿಯನೊಬ್ಬ ಹುಡುಗನ ಊರಿಗೆ ಹೋಗುತ್ತಾನೆ. ಬಂದ ಕೆಲಸ ಹೇಳುವುದಿಲ್ಲ. ಚಹಾದಂಗಡಿ, ಗಿರಣಿ, ಕ್ಷೌರದ ಕಟ್ಟೆ, ಅಲ್ಲಿ ಇಲ್ಲಿ ಕೂತು ಸುಮ್ಮನೆ ಮಾತಿಗೆ ಮಾತು ತೆಗೆಯುತ್ತಾನೆ. ನನ್ನ ಸೋದರತ್ತೆಯ ಮದುವೆಗೆ ನನ್ನ ಮುತ್ಯಾ ಹೀಗೆ ಹೊರಟಾಗ ನನ್ನನ್ನೂ ಹೆಗಲ ಮೇಲೆ ಕೂಡಿಸಿಕೊಂಡು ಹೋಗಿದ್ದ. ಊರೂರಿನ ಬೆಂಡು-ಬತ್ತಾಸಿನ ರುಚಿ ಈಗಲೂ ನಾಲಿಗೆಯಲ್ಲಿದೆ. ಮುತ್ಯಾನಿಗೆ ಕ್ಷೌರಿಕರ ಮೇಲೆ ಬಹಳ ನಂಬಿಕೆ. ಮೊದಲ ಊರಿನಲ್ಲಿ ಗಡ್ಡ ಬೋಳಿಸಿಕೊಂಡು ಕೇಳಿದ. ಎರಡನೇ ಊರಿನಲ್ಲಿ ಮೀಸೆ ತೆಗೆಸಿ ಕೇಳಿದ. ಮೂರನೇ ಊರಿಗೆ ಬರುವಷ್ಟರಲ್ಲಿ ಮುಖದ ಮೇಲೆ ಏನೂ ಉಳಿದಿರಲಿಲ್ಲ, ತಲೆ ಬೋಳಿಸಿಕೊಂಡ. ಅಲ್ಲಿಯೇ ಒಳ್ಳೆಯ ಮನೆತನ ಸಿಕ್ಕಿತು. ಖುಷಿಯಿಂದ ಮನೆಗೆ ಬಂದರೆ ಬೋಳುತಲೆ ನೋಡಿದ ನಮ್ಮ ಅಜ್ಜಿ, ಬೀಗರಾಗುವವರಲ್ಲಿ ಯಾರೋ ಸತ್ತರೆಂದು ಅಂಗಳದಲ್ಲಿ ಕೂತು ಅಳಲು ಹತ್ತಿದಳು.

ನನ್ನ ವಿಚಾರಣೆಯೂ ಆಗಿತ್ತು. ಗುರುಬಾಯಿಯ ಸೋದರಮಾವ ನಾನು ಕೆಲಸ ಮಾಡುವಲ್ಲಿಗೇ ಬಂದು, ನನ್ನನ್ನೇ ನಿಲ್ಲಿಸಿ, "ಇಲ್ಲಿ ಬಸಣ್ಣ ಅಂತ ಗೌಂಡಿ ಅದಾನಂತ, ಮನಶಾ ಹೆಂಗ್ರಿ?" ಎಂದು ಕೇಳಿದ. ಯಾರೋ ಗುತ್ತೇದಾರ, ದೂರದ ಕೆಲಸಕ್ಕೆ ಎಳೆದುಕೊಂಡು ಹೋಗಲು ಬಂದಿದ್ದಾನೆ ಎಂದುಕೊಂಡು, "ಭಾಳ ಸುಮಾರ ಅದಾನ್ರಿ. ಮುಂಜಾನಿ ಏಳಂಗಿಲ್ಲ, ಹೇಳಿದ ಮಾತು ಕೇಳಂಗಿಲ್ಲ" ಎಂದೆ. ಅದ್ಯಾಕೋ ಅವನು ಹೆಣ್ಣು ಕೊಟ್ಟ. ಗುರುಬಾಯಿ ಮಾತ್ರ ಆ ಮಾತನ್ನು ಮರೆತಿಲ್ಲ. ನಾನು ತಡವಾಗಿ ಎದ್ದ ದಿನ, "ನಿಮ್ಮ ಬಾಯಲೇ ನೀವ ಹೇಳಿದ್ರೆಲ್ಲ" ಎನ್ನುತ್ತಾಳೆ.

ಬ್ರೆಜಿಲ್‌ಗೆ ಹೋಗಿ ಕ್ಷೌರ ಮಾಡಿಸಿಕೊಂಡು ಬರುವುದು ನನ್ನಿಂದಾಗದು. ಅದಕ್ಕೆ ಹುಡುಗನನ್ನೇ ಕೂಡಿಸಿಕೊಂಡು ಕೇಳುವುದೆಂದಾಯಿತು. ಅವನಿಗೆ ಸ್ವಲ್ಪ ಹಿಂದಿ ಬರುತ್ತದೆ. ಸಣ್ಣಪುಟ್ಟ ಮಾತಿಗೆ ಅದು ಸಾಕು, ದೊಡ್ಡ ಮಾತಿಗೆ ನಡುವೆ ಸುವರ್ಣಾ. ಭಾನುವಾರ ಮಧ್ಯಾಹ್ನ ಶರಣಪ್ಪ ನನ್ನ ಸೊಸೆ ಕಮಲಾಳನ್ನು ಕರೆದುಕೊಂಡು ಸಂತೆಗೆ ಹೋದಾಗ ನಮ್ಮ ವಿಚಾರಣೆ ನಡೆಯುತ್ತಿತ್ತು.

ನಿಮ್ಮ ಮಂದಿ ಯಾರಪ್ಪಾ, ಎಲ್ಲಿಂದ ಬಂದವರು ಎಂದು ಕೇಳಿದೆ. ಹುಡುಗನ ಮುಖ ಅರಳಿತು. ನಮ್ಮದು ನದೀತೀರದ ಊರು ಎಂದ. ನಮ್ಮವರು ಕರಿ-ಹಳದಿಯವರು. ದೋಣಿಗಳಿಗೆ ಕಾಫಿ ಮೂಟೆ, ಹತ್ತಿ ಮೂಟೆ ಏರಿಸುತ್ತಿದ್ದ ಹಮಾಲರು ಕೂಡಿ ಕಟ್ಟಿದ್ದು. ಊರಿನ ದೊಡ್ಡವರು ತಮ್ಮ ಬೇಲಿಯೊಳಗೆ ಇವರನ್ನು ಸೇರಿಸುತ್ತಿರಲಿಲ್ಲ. ಬೇಲಿಗೆ ಮುಖ ಹಚ್ಚಿ ನೋಡಿ ನೋಡಿ ಬೇಸತ್ತು, ಒಂದು ದಿನ ನದಿಯ ಉಸುಕಿನ ಮೇಲೆ ತಮ್ಮದೇ ಶುರು ಮಾಡಿದರು. ಅಂಗಡಿಯವನೊಬ್ಬನ ಹತ್ತಿರ ಮಾರದೆ ಉಳಿದಿದ್ದ ಕರಿ-ಹಳದಿ ಬಟ್ಟೆಯಲ್ಲಿ ಎಲ್ಲರೂ ಅಂಗಿ ಹೊಲಿಸಿಕೊಂಡರು.

ನನಗೆ ಬಹಳ ಹಿಡಿಸಿತು. ದುಡಿದು ತಿಂದ ಮೂಲ. ನಾನು ಮುಂದೆ ಕೇಳಿದೆ. ಗುರುತು? ಇರುವೆ, ಮೈಮೇಲೆ ಮೂಟೆ ಹೊತ್ತ ಇರುವೆ. ದೇವರು? ನದೀದಂಡೆಯಲ್ಲಿ ಒಬ್ಬ ಸಂತನ ಗುಡಿ ಇದೆ, ವರ್ಷಕ್ಕೊಮ್ಮೆ ಎಲ್ಲರೂ ಕೂಡಿ ಹೋಗುತ್ತಾರೆ. ಯಾರ ಜೊತೆಗಾದರೂ ಜಗಳ? ಇದೆ, ಹೊಳೆಯ ಮೇಲ್ಭಾಗದ ಊರಿನವರ ಜೊತೆ, ಅಜ್ಜನ ಕಾಲದಿಂದ. ಯಾತಕ್ಕೆ? ಗೆರೆ ದಾಟಿತೋ ಇಲ್ಲವೋ ಎಂದು. ಅಯ್ಯೋ, ಬದುವಿನ ಜಗಳ, ನಮ್ಮ ಕಡೆ ಇಲ್ಲದ್ದೇ ಎಂದುಕೊಂಡೆ. ತೀರ್ಪಾಗಲಿಲ್ಲವೇ? ತೀರ್ಪು ಕೊಟ್ಟವನು ಅದೇ ಸಂಜೆ ದೋಣಿ ಹತ್ತಿ ಓಡಿಹೋದನಂತೆ.

ಆಸ್ತಿಯ ಮಾತು ಬಂತು. ದೊಡ್ಡ ಬಯಲು, ಅದರ ಒಂದು ಪಕ್ಕಕ್ಕೆ ಇಟ್ಟಿಗೆಯ ಮೆಟ್ಟಿಲುಸಾಲು. ಊರಿನ ಜನ ಒಬ್ಬೊಬ್ಬರೂ ಕೈಯಲ್ಲಿ ಇಟ್ಟಿಗೆ ತಂದು ಕಟ್ಟಿದ್ದು, ಇವನ ಅಜ್ಜನೂ ಹೊತ್ತಿದ್ದಾನೆ. ಗಾರೆ ಯಾವುದು, ಸುಣ್ಣವೋ ಸಿಮೆಂಟೋ ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಒಮ್ಮೆ ಹೊಳೆ ಬಂದು ಒಂದು ಕಡೆ ಕುಸಿಯಿತು, ಮತ್ತೆ ಕಟ್ಟಿದೆವು ಎಂದ. ಹಾಗಾದರೆ ಪಾಯ ತೆಳು ಎಂದೆ. ಸುವರ್ಣಾ ಅದನ್ನು ಅವನಿಗೆ ಹೇಳಲಿಲ್ಲ.

ಒಂದು ಸಲ, ಅಜ್ಜ ಹರೆಯದವನಿದ್ದಾಗ, ಇಡೀ ರಾಜ್ಯಕ್ಕೆ ನಾವೇ ದೊಡ್ಡವರಾಗಿದ್ದೆವು. ರಾಜಧಾನಿಯ ಶ್ರೀಮಂತರು ನಮ್ಮ ಮುಂದೆ ಸೋತು ತಲೆ ತಗ್ಗಿಸಿ ಹೋದರು ಎಂದು ಹೇಳುವಾಗ ಹುಡುಗನ ಕಣ್ಣು ತುಂಬಿತು. ಆಮೇಲೆ ಇಳಿಯುವುದು, ಏರುವುದು, ಮತ್ತೆ ಇಳಿಯುವುದು.

ಗುರುಬಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿದಳು. "ಎಷ್ಟು ಮಂದಿ ಅದಾರಂತ ಕೇಳ ಸುವ್ವಿ ಅವರ ಮನೆತನದಾಗ" ಎಂದಳು.

ಹುಡುಗ ಲೆಕ್ಕ ಹಾಕಿ, ಊರಲ್ಲಿ ಇರುವವರು ಇಪ್ಪತ್ತು ಸಾವಿರ ಆಗಬಹುದು ಎಂದ.

"ಯವ್ವಾ! ಮದಿವಿಗಿ ಎಲ್ಲಾರೂ ಬರ್ತಾರೇನು?"

ಅದರ ಮುಂದಿನ ಭಾನುವಾರ ಅವನು ಒಂದು ಪಟ ತಂದ. ಹನ್ನೊಂದು ಗಂಡಸರು, ಎಲ್ಲರಿಗೂ ಕರಿ-ಹಳದಿ ಅಂಗಿ, ಮೊಣಕಾಲು ಮುಚ್ಚದ ಚಡ್ಡಿ. ಒಬ್ಬೊಬ್ಬನ ಬಣ್ಣ ಒಂದೊಂದು ನಮೂನೆ. ಇವರೆಲ್ಲ ಒಂದೇ ಅಜ್ಜನ ಮಕ್ಕಳೋ ಎಂದು ನನಗೆ ಸಂಶಯ ಬಂತು, ಆದರೂ ಕೇಳಲಿಲ್ಲ. ಎಲ್ಲರ ನಡುವೆ ಒಬ್ಬನು ಮಾತ್ರ ಹಸಿರು ಅಂಗಿ ತೊಟ್ಟು, ಕೈಗೆ ಗವಸು ಹಾಕಿಕೊಂಡಿದ್ದ.

"ಇವನ್ಯಾಕ ಬ್ಯಾರೆ ಅಂಗಿ ಹಾಕ್ಯಾನ? ಪಾಲು ತಗೊಂಡು ಬ್ಯಾರೆ ಆದವನೇನು?" ಎಂದೆ.

ಸುವರ್ಣಾ ಅಲ್ಲೇ ಚಾಪೆಯ ಮೇಲೆ ಉರುಳಿದಳು. ನಕ್ಕು ನಕ್ಕು ಅವಳ ಮೂಗಿನಿಂದ ಚಹಾ ಬಂತು. ಅವನು ಚೆಂಡು ತಡೆಯುವವನಂತೆ. ಇದು ಕಾಲ್ಚೆಂಡಿನ ಸಂಘವಂತೆ. ಹಮಾಲರು ಕಟ್ಟಿದ್ದು ಸಂಘ, ಗೆರೆ ದಾಟಿದ್ದು ಚೆಂಡು, ಓಡಿಹೋದವನು ಆಟದ ಪಂಚ.

"ಮೊದಲ ಯಾಕ ಹೇಳಲಿಲ್ಲ?" ಎಂದೆ ಸಿಟ್ಟಿನಿಂದ.

"ಮುತ್ಯಾ, ನೀ ಅಷ್ಟು ಚಂದ ಕೇಳಾಕತ್ತಿದ್ದಿ. ಅವ ಅದಕ್ಕಿಂತ ಚಂದ ಹೇಳಾಕತ್ತಿದ್ದ. ನಡುವ ಬಾಯಿ ಹಾಕಾಕ ನನಗ ಮನಸಾಗಲಿಲ್ಲ."

ಸ್ವಲ್ಪ ಹೊತ್ತು ನಾಚಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಮತ್ತೆ ಕೇಳಿದೆ, ನಾನು ಕೇಳಿದ್ದು ನಿಮ್ಮ ಮಂದಿ ಯಾರು ಅಂತಲ್ಲವೇ, ಇವನ್ಯಾಕೆ ಸಂಘದ ಕಥೆ ಹೇಳಿದ? ಹುಡುಗನಿಗೆ ನನ್ನ ಪ್ರಶ್ನೆಯೇ ತಿಳಿಯಲಿಲ್ಲ. ಇವರೇ ನಮ್ಮ ಮಂದಿ, ಇನ್ಯಾರು ಎಂದ. ಅವನ ಅಜ್ಜಿಯನ್ನು ಅಜ್ಜ ಮೊದಲು ನೋಡಿದ್ದು ಆ ಇಟ್ಟಿಗೆಯ ಮೆಟ್ಟಿಲ ಮೇಲೆ. ಅಪ್ಪ ತೀರಿಕೊಂಡಾಗ ಹೊದಿಸಿದ್ದು ಆ ಬಣ್ಣದ ಬಾವುಟ. ಅವನು ಹುಟ್ಟಿದಾಗ ಹೆಸರಿಡುವ ಮೊದಲೇ ತೊಡಿಸಿದ್ದು ಆ ಅಂಗಿ.

ಅಂದಿನಿಂದ ನಾನು ಅದರ ಸ್ಥಾನಮಾನವನ್ನೂ ತಿಳಿದುಕೊಂಡೆ. ಅವರ ರಾಜ್ಯದ ಪಂದ್ಯಾವಳಿ ಎಂದರೆ ಒಂದು ಕಟ್ಟಡ ಎಂದುಕೊಳ್ಳಿ. ತುದಿಯ ಮಹಡಿಯಲ್ಲಿ ದೊಡ್ಡ ಊರಿನ ಸಂಘಗಳು, ಗಾಳಿ ಬೆಳಕು ಎಲ್ಲ ಅವರಿಗೆ. ಕೆಳಗೆ ಕೆಳಗೆ ಬಂದಂತೆ ಸಣ್ಣವು. ವರ್ಷದ ಕೊನೆಗೆ ಪ್ರತಿ ಮಹಡಿಯ ಹಿಂದುಳಿದವರನ್ನು ಕೆಳಕ್ಕೆ ತಳ್ಳುತ್ತಾರೆ, ಮುಂದಿನವರನ್ನು ಮೇಲಕ್ಕೆ ಕರೆಯುತ್ತಾರೆ. ನಮ್ಮ ಕರಿ-ಹಳದಿ ತಳದ ಮಹಡಿಗಿಂತ ಒಂದು ಮೆಟ್ಟಿಲು ಮೇಲಿತ್ತು. ಅದೂ ಜಾರುತ್ತಿತ್ತು. ದೂರದೇಶದ ಪತ್ರಿಕೆಯ ಮಾತು ಬಿಡಿ, ಅವರ ರಾಜ್ಯದ ಪತ್ರಿಕೆಯಲ್ಲೇ ಅವರ ಹೆಸರು ಹಿಂದಿನ ಪುಟದ ಮೂಲೆಯಲ್ಲಿ ಬರುತ್ತದಂತೆ.

ಎಲ್ಲವನ್ನೂ ಮಗನಿಗೆ ಒಪ್ಪಿಸಿದೆ. ಹಳೆಯ ಮನೆತನ, ದುಡಿಯುವ ಜನ, ಜಗಳ ಒಂದೇ ಊರಿನ ಜೊತೆ. ಶರಣಪ್ಪ ಪೂರ್ತಿ ಕೇಳಿ, "ಅಪ್ಪಾ, ಅದು ಚೆಂಡಾಟದ ಸಂಘ" ಎಂದ.

"ಹೌದು, ಆದ್ರ..."

"ಸಂಘ ಅಪ್ಪಾ. ನಾಳಿ ನನ್ನ ಮಗಳ ಕಣ್ಣಾಗ ನೀರು ಬಂದ್ರ ನಾ ಹನ್ನೊಂದು ಮಂದಿ ಚಡ್ಡಿ ಹಾಕ್ಕೊಂಡವರ ಮುಂದ ಹೋಗಿ ನಿಂದರಲೇನು?" ಎಂದವನು, ಮತ್ತೆ ತಾನೇ, "ಬರೂ ಐತವಾರ ಸಂಜೀಕ ಕರೀರಿ. ನಾನ ಕೇಳ್ತೀನಿ" ಎಂದ.

ಆ ಭಾನುವಾರ ಮೊನ್ನೆಯದು. ಹುಡುಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಶರಣಪ್ಪ ಹಿಂದಿಯಲ್ಲಿ ಒಂದೊಂದೇ ಪ್ರಶ್ನೆ ಕೇಳಿದ. ಮದುವೆಯಾದ ಮೇಲೆ ಅವಳ ಕೆಲಸ ಬಿಡಿಸುತ್ತೀಯಾ? ಇಲ್ಲ. ಬ್ರೆಜಿಲ್‌ಗೆ ಕರೆದುಕೊಂಡು ಹೋಗಿ ಅಲ್ಲೇ ಇಟ್ಟುಬಿಡುತ್ತೀಯಾ? ಅವಳು ಎಲ್ಲಿರೋಣ ಎನ್ನುತ್ತಾಳೋ ಅಲ್ಲಿ. ಹುಡುಗ ನಿಧಾನವಾಗಿ, ತಪ್ಪು ಹಿಂದಿಯಲ್ಲಿ, ಮರ್ಯಾದೆಯಿಂದ ಹೇಳುತ್ತಿದ್ದ. ಆದರೆ ಅವನ ಹಿಮ್ಮಡಿ ಮಾತ್ರ ನೆಲಕ್ಕೆ ಬಡಿಯುತ್ತಲೇ ಇತ್ತು. ಅಂಜಿದ್ದಾನೆ ಎಂದುಕೊಂಡೆ. ಸುವರ್ಣಾ ಗಡಿಯಾರ ನೋಡುತ್ತಿದ್ದಳು. ಅವನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು, ಅವನು ಮುಟ್ಟಲಿಲ್ಲ. ಮತ್ತೆ ಗುಂಯ್‌ಗುಟ್ಟಿತು. ಕೊನೆಗೆ ಶರಣಪ್ಪನೇ ತೆಗೆದುಕೋ ಎಂದ.

ಅವನು ಫೋನು ಕಿವಿಗಿಟ್ಟುಕೊಂಡ. ಅತ್ತ ಕಡೆ ಒಬ್ಬ ಮುದುಕ ಅಳುವುದು ನಮಗೆಲ್ಲ ಕೇಳಿತು. ಹುಡುಗನ ಮುಖ ಸುಣ್ಣದ ಹಾಗಾಯಿತು.

"ಯಾರರೆ ಹೋದ್ರೇನಪ್ಪಾ?" ಎಂದು ಗುರುಬಾಯಿ ಎದೆ ಹಿಡಿದುಕೊಂಡಳು.

ಸುವರ್ಣಾ ತಗ್ಗಿದ ದನಿಯಲ್ಲಿ ಹೇಳಿದಳು. ಅಲ್ಲಿ ಬೆಳಗಿನ ಹೊತ್ತು, ವರ್ಷದ ಕೊನೆಯ ಆಟ ಈಗ ತಾನೇ ಮುಗಿಯಿತು. ಗೆದ್ದಿದ್ದರೆ ಉಳಿಯುತ್ತಿದ್ದರು. ಸೋತರು. ಕರಿ-ಹಳದಿ ತಳಕ್ಕೆ ಬಿತ್ತು, ಅದರ ಕೆಳಗೆ ಇನ್ನು ಮಹಡಿಯಿಲ್ಲ. ಅಜ್ಜನ ಫೋನು. ಆಟ ಇವತ್ತೇ ಎಂದು ಅವನಿಗೆ ಗೊತ್ತಿತ್ತು, ಆದರೆ ಅಪ್ಪ ಕರೆದದ್ದೂ ಇವತ್ತೇ ಆದ್ದರಿಂದ ಆಟದ ಮಾತೆತ್ತದೆ ಬಂದ.

ಊಟಕ್ಕೆ ಏಳಿಸಿದೆವು. ಅವನಿಂದ ಒಂದು ತುತ್ತೂ ಆಗಲಿಲ್ಲ. ಕೈಮುಗಿದು ಹೊರಟುಹೋದ.

"ಆಟದ ಸಲುವಾಗಿ ಗಂಡಸು ಹೆಣ ಬಿದ್ದವರ ಹಂಗ ಕುಂದ್ರತಾನೇನು?" ಎಂದ ಶರಣಪ್ಪ. "ಮನಿಗಿ ಬಂದು ಉಣ್ಣದ ಹೋದ." ನಮ್ಮಲ್ಲಿ ಅದು ದೊಡ್ಡ ಮಾತು. ಸುವರ್ಣಾ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮದುವೆ ಅಲ್ಲಿಗೆ ಮುಗಿಯಿತು ಎಂದೇ ನಾನು ತಿಳಿದೆ.

ಸೋಮವಾರ ಬೆಳಿಗ್ಗೆ ಎದ್ದು ನೋಡಿದರೆ ಗುರುಬಾಯಿ ರೊಟ್ಟಿ ಬಡಿಯುತ್ತಿದ್ದಾಳೆ. ಮನೆಮಂದಿಗೆ ಬೇಕಾದದ್ದಕ್ಕಿಂತ ಜಾಸ್ತಿ. ಪುಂಡಿಪಲ್ಯ ಆಗಿತ್ತು, ಶೇಂಗಾ ಹಿಂಡಿ ಆಗಿತ್ತು, ಡಬ್ಬಿಯಲ್ಲಿ ಮೊಸರು.

"ಯಾರಿಗೆ?"

"ರೆನ್ನಪ್ಪಗ. ಬುತ್ತಿ."

ನಮ್ಮ ಕಡೆ ಯಾರದೋ ಮನೆಯಲ್ಲಿ ಸಾವಾದರೆ ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆಂಟರು ಬುತ್ತಿ ಕಟ್ಟಿಕೊಂಡು ಹೋಗಿ ಉಣಿಸಿ ಬರುತ್ತಾರೆ. ಏ, ಅಲ್ಲಿ ಯಾರೂ ಸತ್ತಿಲ್ಲ ಎಂದೆ. ಅವಳು ನನ್ನ ಕೈಗೆ ಚೀಲ ಕೊಟ್ಟಳು. ಸಿಟಿ ಬಸ್ಸು ಹತ್ತಿ, ಇನ್ನೊಂದು ಬಸ್ಸು ಹತ್ತಿ, ಊರಿನ ಈ ತುದಿಯಿಂದ ಆ ತುದಿಗೆ ಹೋದೆವು. ದಾರಿಯುದ್ದಕ್ಕೂ ನಾನು ಕಟ್ಟಿದ ಗೋಡೆಗಳನ್ನು ತೋರಿಸುತ್ತ ಹೋದೆ. ಅವಳು ಒಂದನ್ನೂ ನೋಡಲಿಲ್ಲ, ಮೊಸರಿನ ಡಬ್ಬಿ ಸೆರಗಿನಲ್ಲಿ ಹಿಡಿದು ಕೂತಿದ್ದಳು.

ಹುಡುಗನ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲಿನವನು ತಡೆದ. ನಮ್ಮ ಮಾತು ಕೇಳಿ ಕನ್ನಡದಲ್ಲೇ ಮಾತಾಡಿದ, ಸೇಡಂ ಕಡೆಯವನು.

"ಮ್ಯಾಲ ಫೋನ್ ಮಾಡಬೇಕಾಗತೈತಿ ಆಯಿ. ಯಾರು ಬಂದಾರಂತ ಹೇಳಲಿ?"

"ಬೀಗರು ಬಂದಾರಂತ ಹೇಳು" ಎಂದಳು ಗುರುಬಾಯಿ.

ನಾನು ಅವಳ ಮುಖ ನೋಡಿದೆ. ಅವಳು ಲಿಫ್ಟು ಎಲ್ಲಿದೆ ಎಂದು ನೋಡುತ್ತಿದ್ದಳು.

ಹುಡುಗ ಬಾಗಿಲು ತೆರೆದ. ರಜೆ ಹಾಕಿದ್ದನಂತೆ. ಮೈಮೇಲೆ ಕರಿ-ಹಳದಿ ಅಂಗಿ, ಗಡ್ಡ ಬೆಳೆದಿತ್ತು, ಪರದೆ ಎಳೆದ ಕತ್ತಲೆಯ ಕೋಣೆ. ಗುರುಬಾಯಿ ಪರದೆ ಸರಿಸಿ ನೆಲಕ್ಕೆ ಕೂತು ಬುತ್ತಿ ಬಿಚ್ಚಿದಳು. ನಾನು ನನ್ನ ಗಾರೆಕೆಲಸದ ಹಿಂದಿಯಲ್ಲಿ, "ಹಮಾರೆ ಗಾಂವ್ ಮೇ ಐಸಾಚ್ ಕರತೇ" ಎಂದು ಶುರುಮಾಡಿ, ಬುತ್ತಿ ಎಂದರೇನು, ಯಾವಾಗ ಒಯ್ಯುತ್ತಾರೆ ಎಲ್ಲ ಹೇಳಿದೆ.

"ಕೋಯಿ ನಹೀ ಮರಾ, ದಾದಾ" ಎಂದ ಅವನು. "ಸಿರ್ಫ್ ಗಿರಾ."

ಏನಂದ ಎಂದು ಗುರುಬಾಯಿ ಕೇಳಿದಳು. ಸತ್ತಿಲ್ಲವಂತೆ, ಬಿದ್ದದ್ದಂತೆ ಎಂದೆ.

"ಬಿದ್ದವರಿಗೂ ಹಸಿವಿ ಆಗತೈತೆಲ್ಲ" ಎಂದು ಅವಳು ರೊಟ್ಟಿ ಮುರಿದು ಅವನ ಕೈಯಲ್ಲಿಟ್ಟಳು. "ಉಣ್ಣಪ್ಪಾ."

ಅವನು ಉಂಡ. ಶೇಂಗಾ ಹಿಂಡಿ ಖಾರ, ಅವನ ಕಣ್ಣಲ್ಲಿ ಧಾರಾಕಾರ ನೀರು. ಯಾವುದು ಹಿಂಡಿಯದು, ಯಾವುದು ಕರಿ-ಹಳದಿಯದು ನಮಗೆ ತಿಳಿಯಲಿಲ್ಲ. ಅಜ್ಜ ಆಟ ಮುಗಿದ ಮೇಲೂ ಆ ಇಟ್ಟಿಗೆ ಮೆಟ್ಟಿಲ ಮೇಲೇ ಕೂತಿದ್ದನಂತೆ, ಬೀಗ ಹಾಕುವವನು ಬಂದು ಎಬ್ಬಿಸುವವರೆಗೆ. ನಾನು ಬಹಳ ದಿನದಿಂದ ಕೇಳಬೇಕೆಂದಿದ್ದುದನ್ನು ಆಗ ಕೇಳಿದೆ. ಇಷ್ಟೊಂದು ಬಿದ್ದಿತಲ್ಲಪ್ಪಾ, ದೊಡ್ಡ ಊರಿನ ಗೆಲ್ಲುವ ಸಂಘ ಯಾವುದಾದರೂ ನೋಡಿಕೊಳ್ಳಬಾರದೇ?

ಅವನ ಕೈ ತಟ್ಟೆಯ ಮೇಲೆ ನಿಂತಿತು. ತಾಯಿಯನ್ನು ಮಾರು ಎಂದವನನ್ನು ನೋಡುವ ಹಾಗೆ ನನ್ನನ್ನು ನೋಡಿದ. ನಾನು ಮತ್ತೆ ಕೇಳಲಿಲ್ಲ.

ನಮ್ಮ ರೊಟ್ಟಿಬಟ್ಟೆಯ ಮೇಲೆ ಮೊಸರು ಚೆಲ್ಲಿತ್ತು. ತೊಳೆದ ಡಬ್ಬಿಗಳನ್ನು ಅವನು ತನ್ನ ಕೊರಳಿಗೆ ಸುತ್ತಿಕೊಳ್ಳುವ ಸಂಘದ ಬಟ್ಟೆಯಲ್ಲಿ ಕಟ್ಟಿಕೊಟ್ಟ. ಗುರುಬಾಯಿ ಅದನ್ನು ಒಗೆದು ಹಗ್ಗಕ್ಕೆ ಹಾಕಿದಳು, ರೆಡ್ಡಿಯವರು ನೋಡಿದ್ದು ಅದನ್ನೇ.

ರಾತ್ರಿ ಊಟದ ಹೊತ್ತಿಗೆ ಶರಣಪ್ಪನಿಗೆ ನಾನೇ ಎಲ್ಲ ಹೇಳಿದೆ. ಬುತ್ತಿ ಒಯ್ದದ್ದು, ಗೇಟಿನಲ್ಲಿ ಇವಳು ಆಡಿದ ಮಾತು, ನಾನು ಕೇಳಿದ ಪ್ರಶ್ನೆ, ಅವನು ನೋಡಿದ ನೋಟ. ಬೈಯುತ್ತಾನೆ ಎಂದು ಕಾದೆ. ಅವನು ಕೈ ತೊಳೆದು ಬಾಲ್ಕನಿಗೆ ಹೋಗಿ ನಿಂತ.

ಅವನು ಏನು ನೆನೆಸಿಕೊಂಡನೆಂದು ನನಗೆ ಗೊತ್ತಿತ್ತು. ನಾವು ಈ ಊರಿಗೆ ಬಂದ ಹೊಸತು, ಕಟ್ಟುತ್ತಿದ್ದ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ನನ್ನ ತಾಯಿ ತೀರಿಕೊಂಡಳು. ಹತ್ತಿರ ನೆಂಟರಿಲ್ಲ, ಊರಿಗೆ ಸುದ್ದಿ ಮುಟ್ಟಿಸುವ ಬಗೆಯಿಲ್ಲ. ಮಣ್ಣು ಮಾಡಿ ಬಂದೆವು. ಒಲೆ ಹಚ್ಚುವ ಹಾಗಿಲ್ಲ, ಬುತ್ತಿ ತರುವವರಿಲ್ಲ. ಶರಣಪ್ಪ ಆಗ ಸಣ್ಣವನು. ಹಸಿವೆ ಎಂದು ಕೇಳಲೂ ಅಂಜಿ ಅವ್ವನ ಸೆರಗಿನ ತುದಿ ಚೀಪುತ್ತ ಕೂತಿದ್ದ. ಪಕ್ಕದ ಶೆಡ್ಡಿನ ಕಲ್ಲುಹೊರುವ ಹೆಂಗಸು, ಯಾದಮ್ಮ, ನಮ್ಮ ಮಾತು ಅವಳಿಗೆ ಬಾರದು, ಅವಳ ತೆಲುಗು ನಮಗೆ ಬಾರದು, ಒಂದು ಗಡಿಗೆ ಅನ್ನ, ಹುಣಸೆಹುಳಿ ತಂದಿಟ್ಟು, ಮೊದಲು ಹುಡುಗನಿಗೆ ಕೈತುತ್ತು ಹಾಕಿದಳು.

ಇವತ್ತು ಬೆಳಿಗ್ಗೆ ಬೂಟಿನ ಲಾಡಿ ಕಟ್ಟುತ್ತ ಅವನು ಕೇಳಿದ: "ಅವ್ವಾ, ಯಾದಮ್ಮ ಯಾವ ಮನೆತನದಾಕಿ ಅಂತ ನಾವು ಕೇಳಿದ್ವೇನು ಆವತ್ತು?"

"ಇಲ್ಲಪ್ಪಾ" ಎಂದಳು ಗುರುಬಾಯಿ.

"ಆಗಲಿ" ಎಂದ. "ಸಂಜೀಕ ಅವನ್ನ ಉಣ್ಣಾಕ ಕರೀರಿ."

ಸುವರ್ಣಾ ಬಚ್ಚಲ ಬಾಗಿಲಲ್ಲಿ ಬಾಯಿತುಂಬ ನೊರೆ ಇಟ್ಟುಕೊಂಡು ನಿಂತಿದ್ದಳು. ಹಾಗೇ ಓಡಿಬಂದು ಅಪ್ಪನನ್ನು ಅಪ್ಪಿಕೊಂಡಳು. ಅವನು ಫ್ಯಾಕ್ಟರಿಗೆ ಹೋಗಲು ಅಂಗಿ ಬದಲಿಸಬೇಕಾಯಿತು.

ಇಷ್ಟು ಬರೆಯುವಷ್ಟರಲ್ಲಿ ಸಂಜೆಯಾಗಿ, ಹುಡುಗ ಬಂದೇ ಬಿಟ್ಟ. ಕಾಗದ ಮುಚ್ಚಿಟ್ಟು ಎದ್ದು ಹೋದವನು, ಉಂಡು ಬಂದು ಈ ಕೊನೆಯದನ್ನು ಬರೆಯುತ್ತಿದ್ದೇನೆ.

ಇದುವರೆಗೆ ಅವನು ಬಂದಾಗ ನಾವು ಕುರ್ಚಿ ಹಾಕುತ್ತಿದ್ದೆವು, ನೆಲದ ಮೇಲೆ ಅವನ ಕಾಲು ಮಡಚುವುದಿಲ್ಲವೆಂದು. ಸೊಸೆ ಕಮಲಾ ಇವತ್ತೂ ಕುರ್ಚಿ ಎಳೆದಳು. ಶರಣಪ್ಪ ಅದನ್ನು ತೆಗೆದು ಗೋಡೆಗೆ ಹಚ್ಚಿದ.

"ಅದು ಹೊರಗಿನ ಮಂದಿಗಿ. ಇವನು ಇಲ್ಲೇ ಕುಂದ್ರಲಿ" ಎಂದು ತನ್ನ ಪಕ್ಕದ ಚಾಪೆ ತಟ್ಟಿದ.

ರೆನಾತೊ ಕೂತ. ಒಂದು ಮೊಣಕಾಲು ಗಲ್ಲಕ್ಕೆ ಬಂತು, ಇನ್ನೊಂದು ನನ್ನ ತಟ್ಟೆಯೊಳಗೆ. ಯಾರೂ ಕುರ್ಚಿಯ ಮಾತೆತ್ತಲಿಲ್ಲ. ಗುರುಬಾಯಿ, ಕಮಲಾ ಯಾವತ್ತಿನ ಹಾಗೆ ಬಡಿಸಲು ನಿಂತಿದ್ದರು. ಶರಣಪ್ಪ ಪಾತ್ರೆಗಳನ್ನೆಲ್ಲ ನಡುವೆ ಎಳೆದುಕೊಂಡು, "ನೀವೂ ಕುಂದರ್ರಿ. ಎಲ್ಲಾರೂ ಕೂಡೇ ಉಣ್ಣೂಣು" ಎಂದ.

"ಬಡಿಸೋರು ಯಾರು?" ಎಂದಳು ಗುರುಬಾಯಿ.

"ಕೈ ಎಲ್ಲಾರಿಗೂ ಅದಾವು."

ಮನೆಯ ಗಂಡಸರು ಉಣ್ಣುವ ಮೊದಲು ಅವಳು ಎಂದೂ ಕೂತವಳಲ್ಲ. ಸೆರಗು ಸರಿಮಾಡಿಕೊಂಡು, ಹೊಸದಾಗಿ ಬಂದ ಸೊಸೆಯ ಹಾಗೆ ಚಾಪೆಯ ಅಂಚಿನಲ್ಲಿ ಕೂತಳು. ಶರಣಪ್ಪ ಅವಳ ತಟ್ಟೆಗೆ ರೊಟ್ಟಿ ಹಾಕಿದ, ರೆನಾತೊನ ತಟ್ಟೆಗೆ ಪುಂಡಿಪಲ್ಯ ಬಡಿಸಿದ, ಆಮೇಲೆ ಹಿಂದಿಯಲ್ಲಿ, ತಳದಿಂದ ಮೇಲೆ ಬರಬೇಕಾದರೆ ಎಷ್ಟು ಆಟ ಗೆಲ್ಲಬೇಕು ಎಂದು ಕೇಳಿದ. ಹುಡುಗ ರೊಟ್ಟಿಯ ತುಣುಕುಗಳನ್ನು ಒಂದರ ಮೇಲೊಂದು ಇಟ್ಟು ಮಹಡಿ ಕಟ್ಟಿ ತೋರಿಸತೊಡಗಿದ. ಕಮಲಾ ತುದಿಯ ಮಹಡಿಯನ್ನು ಎತ್ತಿ ಮೊಸರಲ್ಲಿ ಅದ್ದಿ ತಿಂದುಬಿಟ್ಟಳು. ಸುವರ್ಣಾ ನಗುತ್ತ ನನ್ನ ಭುಜಕ್ಕೆ ಒರಗಿದಳು. ಗುರುಬಾಯಿ, "ಆರತೈತಿ, ಮೊದಲ ಉಣ್ಣರಿ" ಎಂದಳು. ಎಲ್ಲರೂ ಉಂಡೆವು.